ಎರಡು ಸೇತುವೆ, ನಲವತ್ತೈದು ಬಡಿತ

‘ನೈಟ್ ಮೇಲ್’ ಎಂದೊಡನೆ ನಮ್ಮ ವಿಮರ್ಶಕರು ಆ ಚಿತ್ರಕ್ಕೆ ಇಂಗ್ಲಿಷ್ ಕವಿ ಆಡೆನ್ ಬರೆದ ಕವಿತೆಗೆ ಹಾರುತ್ತಾರೆ. ಲಂಡನ್ನಿನ ಯೂಸ್ಟನ್‌ನಿಂದ ಸ್ಕಾಟ್ಲೆಂಡಿಗೆ ರಾತ್ರಿಯಿಡೀ ಓಡುತ್ತಿದ್ದ ಅಂಚೆ ರೈಲಿನ ಈ ಸಾಕ್ಷ್ಯಚಿತ್ರ (1936) ಸುಮಾರು 24 ನಿಮಿಷದ್ದು. ಕವಿತೆ ಕೇಳಿಸುವುದು ಕಟ್ಟಕಡೆಯ ಕೆಲವೇ ನಿಮಿಷ. ಬಾಲಕ್ಕೆ ಸಂದ ಕೀರ್ತಿ ಒಡಲಿಗೆ ಸಂದಿಲ್ಲ.

ಒಡಲೆಂದರೆ ಚೀಲ ಇಳಿಸುವ ದೃಶ್ಯ. ರೈಲು ನಿಲ್ಲುವುದಿಲ್ಲ. ತೊಗಲಿನ ಹೊದಿಕೆಯಲ್ಲಿ ಬಿಗಿದ ಅಂಚೆ ಚೀಲವನ್ನು ಬೋಗಿಯ ಹೊರಗೆ ಕಬ್ಬಿಣದ ತೋಳಿಗೆ ನೇತುಹಾಕಬೇಕು. ಹಳಿಯ ಪಕ್ಕದ ಬಲೆ ಅದನ್ನು ಕಿತ್ತುಕೊಳ್ಳುತ್ತದೆ. ತೋಳನ್ನು ಚಾಚುವುದು ಯಾವಾಗ? ಹೊರಗೆ ಕತ್ತಲು, ಕಣ್ಣು ಕೆಲಸಕ್ಕೆ ಬಾರದು. ಹಳಬ ಹೊಸಬನಿಗೆ ಕಲಿಸುತ್ತಾನೆ: ಎರಡು ಸೇತುವೆ ದಾಟಲಿ, ಆಮೇಲೆ ಗಾಲಿಯ 45 ಬಡಿತ ಎಣಿಸು. ಹೊಸಬ ಆತುರಪಡುತ್ತಾನೆ, ಹಳಬ ತಡೆಯುತ್ತಾನೆ. ನಾವೂ ಅವರೊಂದಿಗೆ ಎಣಿಸತೊಡಗುತ್ತೇವೆ. ಸೇತುವೆಯ ಕೆಳಗೆ ಸದ್ದು ಬದಲಾಗುವುದನ್ನು ಕಿವಿ ತಾನಾಗಿ ಹುಡುಕುತ್ತದೆ. ದಾರಿಯನ್ನು ಮೈಯಲ್ಲಿ ಬರೆದಿಟ್ಟುಕೊಂಡವರ ಛಂದಸ್ಸು ಇದು. ಕೆಲಸವೇ ಕಟ್ಟಿದ ಲಯ. ಆಡೆನ್ ಆಮೇಲೆ ಗಾಲಿಯ ಗತಿಯನ್ನು ಪದ್ಯಕ್ಕೆ ತರುವಾಗ ಈ ಗಂಡಸರು ಆಗಲೇ ಮಾಡಿ ಮುಗಿಸಿದ್ದನ್ನೇ ಮತ್ತೆ ಮಾಡುತ್ತಿರುತ್ತಾನೆ.

ಬೋಗಿಯ ಒಳಾಂಗಣ ಸ್ಟುಡಿಯೋ ಸೆಟ್ಟು, ನೌಕರರು ಬೇಕೆಂದೇ ಓಲಾಡಿದರು, ಹಾಗಾಗಿ ಇದು ಸಾಕ್ಷ್ಯಚಿತ್ರವೇ ಅಲ್ಲ ಎನ್ನುವವರಿದ್ದಾರೆ. ಈ ಆಕ್ಷೇಪ ನನಗೆ ಒಪ್ಪಿಗೆಯಿಲ್ಲ. ಕಾಗದ ವಿಂಗಡಿಸುತ್ತಿದ್ದವರು ನಿಜವಾದ ಅಂಚೆ ನೌಕರರು. ಗೂಡಿನಿಂದ ಗೂಡಿಗೆ ಓಡುವ ಆ ಕೈಗಳನ್ನು ಯಾವ ನಟನೂ ಒಂದು ವಾರದಲ್ಲಿ ಕಲಿಯಲಾರ. ಸುಳ್ಳು ಹುಡುಕುವವರು ಗೋಡೆಯನ್ನಲ್ಲ, ದನಿಯನ್ನು ಪರೀಕ್ಷಿಸಬೇಕು. ದಾರಿಯ ಕ್ರೂ ನಿಲ್ದಾಣದಲ್ಲಿ, ಬೋಗಿಯಲ್ಲಿ ಕೆಲಸದವರು ತಮ್ಮ ತಮ್ಮ ಉಚ್ಚಾರಣೆಯಲ್ಲೇ ಮಾತಾಡುತ್ತಾರೆ. ಕವಿತೆ ಶುರುವಾದ ಕ್ಷಣ ಅವರ ಬಾಯಿ ಕಟ್ಟುತ್ತದೆ. ಓದಿಕೊಂಡವರ ದನಿ ಮೇಲೇರುತ್ತದೆ. ಗ್ಲಾಸ್ಗೊ, ಎಡಿನ್‌ಬರೊ, ಅಬರ್ಡೀನ್ ಊರುಗಳು ನಿದ್ದೆಯಲ್ಲಿ ಕಾಗದಕ್ಕೆ ಕಾಯುವ ಊರುಗಳಾಗುತ್ತವೆ. ಕೆಲಸವಿಲ್ಲದವರು ಈ ನಿದ್ದೆಯಲ್ಲಿ ಕಾಣುವುದೇ ಇಲ್ಲ. ಅದೇ 1936ರ ಅಕ್ಟೋಬರಿನಲ್ಲಿ ಉತ್ತರ ಇಂಗ್ಲೆಂಡಿನ ಜಾರೊ ಪಟ್ಟಣದಿಂದ ಸುಮಾರು 200 ಗಂಡಸರು ಕೆಲಸ ಕೇಳುತ್ತ ಲಂಡನ್ನಿಗೆ ನಡೆದೇ ಹೊರಟರು. ಚಿತ್ರ ಅದಕ್ಕೂ ಮೊದಲಿನದು, ಸರಿ. ಆದರೆ ಉತ್ತರದ ನಿರುದ್ಯೋಗ ಆ ವರ್ಷ ಹುಟ್ಟಿದ್ದಲ್ಲ.

ಕವಿತೆಗೆ ಸಂಗೀತಗಾರ ಬೆಂಜಮಿನ್ ಬ್ರಿಟನ್ ಕೂಡಿಸಿದ ಸಂಗೀತ ಜಾಣತನದ್ದು, ಅನುಮಾನವಿಲ್ಲ. ಆದರೂ ಈ ಚಿತ್ರ ಹುಟ್ಟಿದ, ಜಾನ್ ಗ್ರಿಯರ್ಸನ್ ಕಟ್ಟಿದ ಬ್ರಿಟಿಷ್ ಸಾಕ್ಷ್ಯಚಿತ್ರ ಪರಂಪರೆಯಿಂದ ನಮ್ಮ ಸರ್ಕಾರಿ ಫಿಲ್ಮ್ಸ್ ಡಿವಿಜನ್ ಬಹುಪಾಲು ಎತ್ತಿಕೊಂಡದ್ದು ಮೇಲಿನಿಂದ ಹೇಳುವ ದನಿಯನ್ನು. ಕತ್ತಲಲ್ಲಿ ಬಡಿತ ಎಣಿಸುವವನ ಪಕ್ಕ ತಾಳ್ಮೆಯಿಂದ ನಿಲ್ಲುವ ಕ್ಯಾಮೆರಾವನ್ನಲ್ಲ.