‘ಕೆರೆಗೆ ಹಾರ’ದ ಪಾಠ: ಚರಿತ್ರೆಯ ಕಡೆಯಿಂದ ಒಂದು ವಿಮರ್ಶೆ

ಸಾಹಿತ್ಯದ ತರಗತಿಯಲ್ಲಿ ಜನಪದ ಕಥನಗೀತವನ್ನು ಪಾಠ ಹೇಳುವಾಗ ಎರಡು ಮಾರ್ಗಗಳು ರೂಢಿಯಲ್ಲಿವೆ. ಗೀತವನ್ನು ನಡೆದ ಸಂಗತಿಯ ದಾಖಲೆಯೆಂದು ಭಾವಿಸುವುದು ಒಂದು. ಅದರಿಂದ ನೀತಿಯೊಂದನ್ನು ಹಿಂಡಿ ತೆಗೆಯುವುದು ಇನ್ನೊಂದು. ‘ಕೆರೆಗೆ ಹಾರ’ವು ಈ ಎರಡಕ್ಕೂ ತುತ್ತಾಗಿದೆ.

ಕಥೆ ಸುಪರಿಚಿತವಾದುದೇ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದನು, ನೀರು ಬರಲಿಲ್ಲ. ಜೋಯಿಸನ ಮಾತಿನಂತೆ ಸೊಸೆಯೊಬ್ಬಳನ್ನು ಹಾರ ಕೊಡಬೇಕಾಯಿತು. ಮನೆಯ ಹಿರಿತನಕ್ಕೆ ಹಿರಿಯಳು ಬೇಕೆಂದು ಕಿರಿಯ ಸೊಸೆ ಭಾಗೀರಥಿಯನ್ನು ಆರಿಸಿದರು. ದಂಡಿನಲ್ಲಿದ್ದ ಗಂಡ ಮಾದೇವರಾಯನು ಮರಳಿ ಬಂದು ಅದೇ ಕೆರೆಗೆ ಹಾರಿದನು.

ಮೊದಲ ಮಾರ್ಗದಲ್ಲಿ ಎಡವಿದವರಲ್ಲಿ ಪ್ರಸ್ತುತ ಲೇಖಕನೂ ಒಬ್ಬನು. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಕೃಷ್ಣದೇವರಾಯನು ಕಟ್ಟಿಸುತ್ತಿದ್ದ ಕೆರೆ ಎರಡು ಮೂರು ಬಾರಿ ಒಡೆಯಿತೆಂದೂ, ದೇವರು ಬಲಿ ಬೇಡುತ್ತಿರುವನೆಂದು ಬ್ರಾಹ್ಮಣರು ಹೇಳಲಾಗಿ 60 ಮಂದಿಯ ಶಿರಚ್ಛೇದ ಮಾಡಿಸಿದನೆಂದೂ ಬರೆದಿದ್ದಾನೆ. ಈ ಭಾಗವನ್ನೂ ಹಾಡನ್ನೂ ಒಂದಕ್ಕೊಂದು ಸಾಕ್ಷಿಯೆಂಬಂತೆ ನಾನು ಹಲವು ವರ್ಷ ತರಗತಿಯಲ್ಲಿ ಓದಿ ಹೇಳಿದ್ದುಂಟು. ಅದು ತಪ್ಪು. ಅಲ್ಲಿ ಅರಸನ ಆಜ್ಞೆ, 60 ಮಂದಿ; ಇಲ್ಲಿ ಮನೆಯ ತೀರ್ಮಾನ, ನಿರಪರಾಧಿ ಸೊಸೆ. ನಂಬಿಕೆ ಒಂದೇ ಇರಬಹುದು, ಸಂಗತಿ ಬೇರೆ. ಕೆರೆಯ ನಿಜವಾದ ಚರಿತ್ರೆ ಬೇಕಾದವರು 1369ರ ಪೋರುಮಾಮಿಳ್ಳ ಶಾಸನವನ್ನು ನೋಡಬೇಕು. ದಿನವೊಂದಕ್ಕೆ 1000 ಆಳು, 100 ಬಂಡಿ, ಎರಡು ವರ್ಷದ ಕೆಲಸ. ಒಳ್ಳೆಯ ಕೆರೆಗೆ 12 ಅಂಗಗಳು, ಕೆಟ್ಟುದಕ್ಕೆ 6 ದೋಷಗಳು. ನೀರಿನ ಕೊರತೆಯೂ ಆ ದೋಷಗಳಲ್ಲೊಂದು. ಶಾಸನವು ದೋಷವನ್ನು ನೆಲದಲ್ಲಿ ಹುಡುಕುತ್ತದೆ. ಹಾಡಿನ ಜೋಯಿಸನು ಪರಿಹಾರವನ್ನು ಸೊಸೆಯಲ್ಲಿ ಕಾಣುತ್ತಾನೆ!

ಎರಡನೆಯ ಮಾರ್ಗ ಇನ್ನೂ ಹಾನಿಕರವಾದುದು. ‘ಭಾಗೀರಥಿಯ ತ್ಯಾಗವನ್ನು ವರ್ಣಿಸಿ’ ಎಂಬುದು ಪರೀಕ್ಷೆಯ ಸಿದ್ಧಪ್ರಶ್ನೆ. “ಆಕೆಯನ್ನು ಯಾರಾದರೂ ಕೇಳಿದರೇ, ಸಾರ್?” ಎಂದು ವಿದ್ಯಾರ್ಥಿನಿಯೊಬ್ಬಳು ಒಮ್ಮೆ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಹಾಡಿನಲ್ಲಿ ಯಾರೂ ಕೇಳುವುದಿಲ್ಲ. ವಿಷಯ ತಿಳಿದ ಭಾಗೀರಥಿ ತವರಿಗೆ ಹೋಗುತ್ತಾಳೆ. ಹೆತ್ತವರೆದುರು ಅತ್ತೆಮಾವ ತನ್ನನ್ನು ಬೇರೆ ಇಡುವರೆಂದಷ್ಟೇ ಹೇಳುತ್ತಾಳೆ. ನಿಜವನ್ನು ಹೇಳುವುದು ಗೆಳತಿಗೆ ಮಾತ್ರ. ಗೆಳತಿಯೂ ಇಟ್ಟಂತೆ ಇರಬೇಕೆನ್ನುತ್ತಾಳೆಯೇ ಹೊರತು ಬೇರೆ ದಾರಿ ತೋರಳು. ಆಯ್ಕೆಯೇ ಇಲ್ಲದೆಡೆ ತ್ಯಾಗವೆಂಬ ಮಾತು ಸಲ್ಲುವುದೇ?

ಇದೇ ಬಗೆಯ ಕಥೆ ಬಾಲ್ಕನ್ ದೇಶಗಳಲ್ಲಿಯೂ ಉಂಟು. ಸೆರ್ಬಿಯದ ಸ್ಕಾದರ್ ಕೋಟೆಯ ಹಾಡಿನಲ್ಲಿ ಅಣ್ಣಂದಿರು ಆಣೆ ಮುರಿಯುತ್ತಾರೆ, ಆಣೆ ಉಳಿಸಿಕೊಂಡ ತಮ್ಮನ ಹೆಂಡತಿ ಗೋಡೆಗೆ ಬಲಿಯಾಗುತ್ತಾಳೆ. ರೊಮೇನಿಯದ ಹಾಡಿನಲ್ಲಿ ಶಿಲ್ಪಿ ಮನೋಲೆಯೇ ತನ್ನ ಹೆಂಡತಿಯ ಸುತ್ತ ಗೋಡೆ ಎಬ್ಬಿಸುತ್ತಾನೆ. ನಮ್ಮ ಹಾಡಿನಲ್ಲಿ ಮಾತ್ರ ಗಂಡನಿಗೆ ಸುದ್ದಿಯೇ ಇಲ್ಲ. ಹೊಣೆಯೆಲ್ಲ ಮಾವನ ಮನೆಯದು. ಹೋಲಿಸಿ ಓದಿಸಿದಾಗ ವಿದ್ಯಾರ್ಥಿಗಳು ಇದನ್ನು ತಾವೇ ಗುರುತಿಸಿದರು.

ತರಗತಿಯಲ್ಲಿ ಸಾಮಾನ್ಯವಾಗಿ ಓಡಿಸಿಬಿಡುವ ಕೊನೆಯ ಭಾಗವೇ ನನ್ನ ದೃಷ್ಟಿಯಲ್ಲಿ ಮುಖ್ಯವಾದುದು. ಮಾದೇವರಾಯನು ಹೆಂಡತಿಯೆಲ್ಲಿ ಎಂದು ಕೇಳಿದರೆ ಮನೆಯವರು ತವರಿಗೆ ಹೋಗಿರುವಳೆನ್ನುತ್ತಾರೆ. ತವರಿನವರು ಗೆಳತಿಯ ಮನೆಗೆನ್ನುತ್ತಾರೆ. ಗೆಳತಿ ಮಾತ್ರ ನಡೆದುದನ್ನು ಹೇಳುತ್ತಾಳೆ. ಈ ಹಾಡನ್ನು ಹಾಡಿಕೊಂಡು ಬಂದವರು ಹೆಂಗಸರು. ಎರಡು ಸಲವೂ ನಿಜ ಹೊರಬೀಳುವುದು ಗೆಳತಿಯ ಮನೆಯಲ್ಲಿಯೇ.