ಮಂಚ ಆಮೇಲೆ, ಮೊದಲು ಪಡಸಾಲೆ

ಗೋಕರ್ಣಕ್ಕೋ ಹಂಪಿಗೋ ಹೋಗಿ ಮೊದಲ ಸಲ ಹಾಸ್ಟೆಲಿನಲ್ಲಿ ಇಳಿದುಕೊಳ್ಳುವವರು ಅದನ್ನು ಲಾಡ್ಜಿನ ಕಣ್ಣಿನಿಂದಲೇ ನೋಡುತ್ತಾರೆ. ಬಾತ್‌ರೂಮು ಎಷ್ಟು ಜನಕ್ಕೆ ಒಂದು, ಟವೆಲ್ ಕೊಡುತ್ತಾರೋ ಇಲ್ಲವೋ, ಮಂಚ ಮೇಲಿನದೋ ಕೆಳಗಿನದೋ. ಕೇಳಬೇಕಾದ ಪ್ರಶ್ನೆಗಳೇ. ಆದರೆ ಇಷ್ಟರಲ್ಲೇ ಅಳೆದರೆ ಹಾಸ್ಟೆಲ್ ಬರೀ ಅಗ್ಗದ, ಅನನುಕೂಲದ ಲಾಡ್ಜಾಗಿ ಕಾಣುತ್ತದೆ. ನೀವು ದುಡ್ಡು ಕೊಡುವುದು ಹಾಸಿಗೆಗೆ, ನಿಜ; ಸಿಗುವ ಸುಖವಿರುವುದು ಮಾತ್ರ ಎಲ್ಲರೂ ಕೂರುವ ಪಡಸಾಲೆಯಲ್ಲಿ. ಅದು ಬೇಡ ಅನ್ನುವವರು ಲಾಡ್ಜಿಗೇ ಹೋಗಲಿ, ನಿದ್ದೆಯಾದರೂ ಚೆನ್ನಾಗಿ ಬರುತ್ತದೆ.

ಈ ಏರ್ಪಾಡು ಹೊಳೆದದ್ದು ಒಬ್ಬ ಶಾಲಾ ಮೇಷ್ಟರಿಗೆ. 1909ರ ಆಗಸ್ಟಿನಲ್ಲಿ ಜರ್ಮನಿಯ ರಿಚರ್ಡ್ ಶಿರ್‌ಮನ್ ತಮ್ಮ ಶಾಲೆಯ ಮಕ್ಕಳನ್ನು ಕರೆದುಕೊಂಡು ದಿನಗಟ್ಟಲೆಯ ಕಾಲ್ನಡಿಗೆ ಹೊರಟಿದ್ದಾಗ ಗುಡುಗು ಮಳೆ ಹಿಡಿಯಿತು. ಹಳ್ಳಿ ಶಾಲೆಯೊಂದರಲ್ಲಿ ಹುಲ್ಲು ಹಾಸಿಕೊಂಡು ರಾತ್ರಿ ಕಳೆದರು. ರಜೆಯಲ್ಲಿ ಖಾಲಿ ಬೀಳುವ ಶಾಲೆಗಳನ್ನೆಲ್ಲ ಹೀಗೆ ತಂಗುದಾಣ ಮಾಡಬಾರದೇಕೆ ಎಂದು ಮೇಷ್ಟರಿಗೆ ಅನ್ನಿಸಿತು. ಮುಂದೆ ಅವರ ಹಾಸ್ಟೆಲ್ ಆಲ್ಟೆನಾದ ಹಳೇ ಕೋಟೆಯಲ್ಲಿ ನೆಲೆಯೂರಿತು. ಆ ಕಾಲದ ದಪ್ಪ ಮರದ ಅಂತಸ್ತಿನ ಮಂಚಗಳನ್ನು ಈಗಲೂ ಅಲ್ಲಿ ನೋಡಬಹುದು. ಬ್ರಿಟನ್ನಿನಲ್ಲಿ 1930ರಲ್ಲಿ ಹುಟ್ಟಿದ ಯೂತ್ ಹಾಸ್ಟೆಲ್ ಸಂಘದವರಂತೂ ತಂಗಿದವರ ಕೈಯಲ್ಲೇ ಕಸ ಗುಡಿಸಿಸಿ, ಪಾತ್ರೆ ತೊಳೆಸಿ ಕಳಿಸುತ್ತಿದ್ದರು. ಈಗ ಯಾರೂ ಕೈಗೆ ಪೊರಕೆ ಕೊಡುವುದಿಲ್ಲ. ಆದರೆ ಇಳಿದುಕೊಂಡವರು ಅರ್ಧ ನೆಂಟರು, ಅರ್ಧ ಮನೆಯವರು ಎಂಬ ಲೆಕ್ಕ ಹಾಗೇ ಇದೆ. ಒಳ್ಳೆಯ ಹಾಸ್ಟೆಲು ಆ ಲೆಕ್ಕವನ್ನು ಗೋಡೆ, ಬಾಗಿಲು, ಮೇಜುಗಳಲ್ಲೇ ಕಟ್ಟಿರುತ್ತದೆ.

ಹಾಗಾಗಿ ಬ್ಯಾಗ್ ಇಳಿಸಿದ ಕೂಡಲೇ ಒಂದು ಸುತ್ತು ಹಾಕಿ. ಕೋಣೆಯಿಂದ ಹೊರಬಾಗಿಲಿಗೆ ಹೋಗಬೇಕಾದರೆ ಪಡಸಾಲೆ ದಾಟಲೇಬೇಕೆ? ಹಾಗಿದ್ದರೆ ಕಟ್ಟಿದವರಿಗೆ ವಿಷಯ ಗೊತ್ತಿದೆ. ಕುಡಿಯುವ ನೀರು, ಚಪ್ಪಲಿ ಸ್ಟ್ಯಾಂಡು, ಚಾರ್ಜಿಂಗ್ ಪ್ಲಗ್ಗು ಅಲ್ಲೇ ಇದ್ದರೆ ಇನ್ನೂ ಒಳ್ಳೆಯದು. ನಾಚಿಕೆ ಸ್ವಭಾವದವರಿಗೂ ಅಲ್ಲಿ ಸುಳಿದಾಡಲು ಒಂದು ನೆಪ ಸಿಗುತ್ತದೆ. ಉದ್ದನೆಯ ಮೇಜು ಇದ್ದರೆ ಮಾತು ಹುಟ್ಟುತ್ತದೆ, ಟೀವಿಗೆ ಮುಖ ಮಾಡಿದ ಸೋಫಾ ಇದ್ದರೆ ಸಾಯುತ್ತದೆ. ಎಲ್ಲಕ್ಕಿಂತ ಮುಖ್ಯ ಅಡುಗೆಮನೆ. ಉಪ್ಪು ಎಲ್ಲಿದೆ ಎಂದು ಕೇಳಿದಲ್ಲಿಗೆ ಅರ್ಧ ಪರಿಚಯ ಆದ ಹಾಗೆ. ಯುರೋಪಿನ ಹಾಸ್ಟೆಲುಗಳಲ್ಲಿ ನಿಮ್ಮ ಪೊಟ್ಟಣದ ಮೇಲೆ ಹೆಸರು, ಹೊರಡುವ ತಾರೀಖು ಬರೆದು ಫ್ರಿಜ್ಜಿನಲ್ಲಿಡಬೇಕು; ಊರು ಬಿಡುವವರು ಉಳಿಸಿಹೋದ ಪಾಸ್ತಾ, ಅಕ್ಕಿ, ಎಣ್ಣೆಗೆ ಬೇರೆಯೇ ಒಂದು ಗೂಡು ಇರುತ್ತದೆ, ಅದರಿಂದ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಸಾರಿನ ಪುಡಿ ಜೊತೆಗೊಯ್ದಿದ್ದರೆ ಆ ಅಕ್ಕಿಯಲ್ಲೇ ಊಟ ಮುಗಿಯುತ್ತದೆ. ನಮ್ಮಲ್ಲಿ ಹೆಚ್ಚಿನವರು ಅಡುಗೆಮನೆ ಇರಬೇಕಾದ ಕಡೆ ಕೆಫೆ ಇಟ್ಟಿದ್ದಾರೆ. ವ್ಯಾಪಾರಕ್ಕೆ ಸರಿ, ರಸಕ್ಕೆ ನಷ್ಟ.

ಕಟ್ಟಡವನ್ನೂ ಓದಿ. ಸ್ಟಾಕ್‌ಹೋಮಿನಲ್ಲಿ 1888ರ ಹಾಯಿಹಡಗು ‘ಆಫ್ ಚಾಪ್‌ಮನ್’ 1949ರಿಂದ ಹಾಸ್ಟೆಲ್ ಆಗಿದೆ. ಸ್ಲೊವೇನಿಯಾದ ಲುಬ್ಲಿಯಾನಾದಲ್ಲಿ ಮಿಲಿಟರಿ ಜೈಲೊಂದನ್ನು ಕಲಾವಿದರ ಕೈಗೆ ಕೊಟ್ಟು, ಸೆಲ್ಲುಗಳನ್ನೇ ಕೋಣೆಗಳನ್ನಾಗಿಸಿ ‘ಸೆಲಿತ್ಸಾ’ ಎಂಬ ಹಾಸ್ಟೆಲ್ ಮಾಡಿದ್ದಾರೆ. ಕಬ್ಬಿಣದ ಸರಳುಗಳು ಈಗಲೂ ಇವೆ. ನಮ್ಮ ಕಡೆ ನೆಲದ ಕತೆಯೇ ದೊಡ್ಡದು. ಹಂಪಿಯ ಎದುರು ದಡದ ವಿರೂಪಾಪುರ ಗಡ್ಡೆಯಲ್ಲಿದ್ದ ರೆಸಾರ್ಟುಗಳು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ನೆಲಸಮವಾದವು. ಈಗ ಸಾಣಾಪುರ, ಆನೆಗೊಂದಿ ಕಡೆ ತಂಗುವವರಿಗೆ ಅಲ್ಲಿನ ಹಳಬರು ಈ ಕತೆ ಹೇಳಿಯಾರು. ಕೇಳಿಸಿಕೊಳ್ಳಿ, ಗೈಡುಗಳು ಹೇಳುವುದು ಬರೀ ಕೃಷ್ಣದೇವರಾಯನ ಕತೆ.

ಮಾತಿಗೂ ಒಂದು ರೀತಿಯಿದೆ. ‘ಏನು ಕೆಲಸ, ಮದುವೆ ಆಗಿದೆಯಾ, ಯಾವ ಜನ’ ಎಂಬ ನಮ್ಮ ಮಾಮೂಲಿ ತನಿಖೆಯನ್ನು ಬ್ಯಾಗಿನಲ್ಲೇ ಮಡಿಚಿಡಿ. ‘ನಾಳೆ ಯಾವ ಕಡೆ?’ ಅಂದರೆ ಸಾಕು. ಗೋಕರ್ಣದಲ್ಲಿ ಕುಡ್ಲೆಯಿಂದ ಓಂ, ಅಲ್ಲಿಂದ ಹಾಫ್ ಮೂನ್ ಬೀಚಿಗೆ ಬಂಡೆ, ಗುಡ್ಡದ ಮೇಲೆ ಕಾಲುದಾರಿಯಿದೆ. ಈ ವಾರ ಅದು ಎಲ್ಲಿ ಜಾರುತ್ತಿದೆ ಎನ್ನುವುದು ನಿನ್ನೆ ನಡೆದು ಬಂದವರಿಗಷ್ಟೇ ಗೊತ್ತು. ಅಂಥವರು ಸಂಜೆ ಆರರಿಂದ ಎಂಟರ ನಡುವೆ ಪಡಸಾಲೆಯಲ್ಲಿ ಸಿಗುತ್ತಾರೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡವರನ್ನು ಮಾತ್ರ ಅವರ ಪಾಡಿಗೆ ಬಿಡಿ. ಜೊತೆಗಿದ್ದೂ ಸುಮ್ಮನಿರುವ ಹಕ್ಕು ಎಲ್ಲರಿಗೂ ಇದೆ.

ಶನಿವಾರ, ಭಾನುವಾರ ಹೋಗಬೇಡಿ. ಬೆಂಗಳೂರಿನಿಂದ ಆಫೀಸಿನ ಗುಂಪುಗಳು ಬಂದಿಳಿದರೆ ಹಾಸ್ಟೆಲು ಪಿಕ್ನಿಕ್ ಆಗುತ್ತದೆ. ಅವರ ಮಾತು ಅವರೊಳಗೇ, ಗಲಾಟೆ ಮಾತ್ರ ಎಲ್ಲರಿಗೆ. ಮಂಗಳವಾರ ಒಂಟಿಯಾಗಿ ಬಂದವರಿಗೆ ಅದೇ ಮೇಜಿನಲ್ಲಿ ಜಾಗವೂ ಸಿಗುತ್ತದೆ, ಜನವೂ ಸಿಗುತ್ತಾರೆ, ರೇಟೂ ಕಡಿಮೆ. ಒಂದೇ ರಾತ್ರಿಗೆ ಬಂದು ಓಡುವುದೂ ದಂಡ. ಮೊದಲ ದಿನ ನೀವು ಕೇಳುವವರು, ಎರಡನೆಯ ದಿನ ಹೇಳುವವರು.

ರಾತ್ರಿಯ ಶಿಸ್ತು ಬಹಳವೇನಿಲ್ಲ. ನಸುಕಿನಲ್ಲಿ ಹಂಪಿಯ ಮಾತಂಗ ಬೆಟ್ಟಕ್ಕೆ ಸೂರ್ಯೋದಯ ನೋಡಲು ಹೊರಡುವವರು ಸಾಮಾನನ್ನು ಹಿಂದಿನ ರಾತ್ರಿಯೇ ಕಟ್ಟಿಡಬೇಕು. ಎಂಟು ಜನ ಮಲಗಿದ ಕೋಣೆಯಲ್ಲಿ ಪ್ಲಾಸ್ಟಿಕ್ ಕವರಿನ ಪರಪರ ಸದ್ದಿಗಿಂತ ದೊಡ್ಡ ಅಪರಾಧವಿಲ್ಲ. ಗೊರಕೆ ಕ್ಷಮಾರ್ಹ, ಮತ್ತೆ ಮತ್ತೆ ಬಡಿದುಕೊಳ್ಳುವ ಅಲಾರಂ ಅಲ್ಲ. ಬುಕ್ ಮಾಡುವಾಗ ಬಾಗಿಲಿನಿಂದ ದೂರದ ಕೆಳಗಿನ ಮಂಚ ಕೇಳಿ. ಹೆಂಗಸರಿಗೇ ಮೀಸಲಾದ ಡಾರ್ಮಿಟರಿ ಬೇಕಿದ್ದರೆ ಅದನ್ನೂ ಆಗಲೇ ಹೇಳಿ. ಲಾಕರ್ ಇರುತ್ತದೆ, ಬೀಗ ನಿಮ್ಮದೇ ಒಯ್ಯಿರಿ. ಆಧಾರ್ ಕಾರ್ಡಿನಲ್ಲಿ ಅದೇ ಊರಿನ ವಿಳಾಸವಿದ್ದರೆ ಹಲವು ಕಡೆ ಕೋಣೆ ಕೊಡುವುದಿಲ್ಲ, ಮುಂಗಡ ಕಟ್ಟುವ ಮೊದಲೇ ವಿಚಾರಿಸಿಕೊಳ್ಳಿ.