ಬಾಟಲಿ ಬದಲಿಸಬಹುದು, ಬಾಲ ಬದಲಿಸಲಾಗದು

ದಾಂಡೇಲಿಯ ನಮ್ಮ ಮನೆಯ ಕಿಟಕಿ ಕಟ್ಟೆಯ ಮೇಲೆ ಎರಡು ವರ್ಷ ಒಂದು ಫೈಟರ್ ಮೀನಿತ್ತು. ಮಗಳ ಹುಟ್ಟುಹಬ್ಬಕ್ಕೆ ತಂದದ್ದು. ಪುಸ್ತಕದಲ್ಲಿ ಬೆಟ್ಟಾ ಎನ್ನುತ್ತಾರೆ, ನಮ್ಮ ಕಡೆಯ ಅಂಗಡಿಗಳಲ್ಲಿ ಫೈಟರ್ ಎಂದರೇ ತಿಳಿಯುವುದು. ಮೈ ಕಡುನೀಲಿ, ಬಾಲ ಅರಳಿಸಿದರೆ ಅರ್ಧಚಂದ್ರ. ಮನೆಗೆ ಬಂದವರು ಅದರ ಮುಂದೆ ಒಂದು ನಿಮಿಷ ನಿಲ್ಲದೆ ಹೋಗುತ್ತಿರಲಿಲ್ಲ. ನಾನೂ ನಿಲ್ಲುತ್ತಿದ್ದೆ. ಆದರೆ ದಿನವೂ ನೋಡುತ್ತಿದ್ದ ನನಗೆ ಕ್ರಮೇಣ ಬಣ್ಣಕ್ಕಿಂತ ಬೇರೊಂದು ಸಂಗತಿ ಹೆಚ್ಚಾಗಿ ಕಾಣತೊಡಗಿತು. ಈ ಜಾತಿಗೆ ಕಿವಿರೊಂದೇ ಸಾಲದು. ತಲೆಯೊಳಗೆ ಮಡಿಕೆ ಮಡಿಕೆಯಾದ ಇನ್ನೊಂದು ಉಸಿರಾಟದ ಅಂಗವಿದೆ. ಆಗಾಗ ಮೇಲೆ ಬಂದು ಅದಕ್ಕೆ ಗಾಳಿ ತುಂಬಿಕೊಳ್ಳಲೇಬೇಕು. ತೊಟ್ಟಿಯ ತಳದಿಂದ ನೀರಿನ ಮೇಲ್ಮೈಗೆ ಇದ್ದದ್ದು ಒಂದು ಗೇಣು. ಆ ಒಂದು ಗೇಣನ್ನು ನಮ್ಮ ಮೀನು ಒಂದೇ ಸಲಕ್ಕೆ ಏರುತ್ತಿರಲಿಲ್ಲ. ಮೈ ಬಳುಕಿಸಿ ನಾಲ್ಕು ಬೆರಳು ಏರುವುದು, ಗಿಡದ ಎಲೆಗೆ ಒರಗಿ ನಿಲ್ಲುವುದು, ಮತ್ತೆ ಏರುವುದು. ಹೊಳೆಗಿಳಿದವರನ್ನು ನೆನೆದ ಸೀರೆ ಹಿಂದಕ್ಕೆ ಎಳೆಯುವ ಹಾಗೆ ಆ ಬಾಲ ಅದನ್ನು ಎಳೆಯುತ್ತಿತ್ತು.

ಫೈಟರ್ ಮೀನಿನ ಬಗ್ಗೆ ನಮ್ಮಲ್ಲಿ ಎರಡು ಅಭಿಪ್ರಾಯ ಚಾಲ್ತಿಯಲ್ಲಿವೆ. ಒಂದು ಮಾರುವವರದು. ಮೀನು ಕೊಳ್ಳುವಾಗ ನನಗೆ ಅಂಗಡಿಯವರು ಹೇಳಿದ್ದೂ ಅದೇ: "ಇದಕ್ಕ ಜಾಗ ಬ್ಯಾಡ್ರಿ ಸರ, ಗ್ಲಾಸಿನ್ಯಾಗ ಇಟ್ರೂ ಬದುಕತೈತಿ. ಗದ್ದಿ ನೀರಾಗ ಇರೂ ಮೀನ ಅದು." ಇನ್ನೊಂದು, ಓದಿಕೊಂಡ ಪ್ರಾಣಿಪ್ರಿಯರದು: ಬಾಟಲಿಯಲ್ಲಿಡುವುದು ಕ್ರೌರ್ಯ, ದೊಡ್ಡ ತೊಟ್ಟಿ, ಬೆಚ್ಚಗಿನ ಶುದ್ಧ ನೀರು, ಗಿಡ ಕೊಟ್ಟು ಸಾಕಿದರೆ ಯಾವ ತಪ್ಪೂ ಇಲ್ಲ.

ಮೊದಲನೆಯದಕ್ಕೆ ಉತ್ತರ ಕೊಡಲು ಹೆಚ್ಚು ಹೊತ್ತು ಬೇಡ. ಹಳಿಯಾಳ, ಮುಂಡಗೋಡದ ಭತ್ತದ ಗದ್ದೆ ಕಂಡವರಿಗೆ ಗೊತ್ತು, ಗದ್ದೆಯ ನೀರು ಮೊಣಕಾಲ ಕೆಳಗಿದ್ದರೂ ಒಂದು ಗದ್ದೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಹಳ್ಳಕ್ಕೆ ಹರಿದುಕೊಂಡೇ ಇರುತ್ತದೆ. ಆಳ ಕಡಿಮೆ ಎಂದರೆ ಜಾಗ ಕಡಿಮೆ ಎಂದಲ್ಲ. ಬೆಟ್ಟಾದ ತವರು ಥಾಯ್ಲೆಂಡಿನ ಬಯಲು. ಅದಕ್ಕೆ 25ರಿಂದ 28 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರು ಬೇಕು. ಜೋಯಿಡಾದ ಜನವರಿ ಬೆಳಗಿನಲ್ಲಿ ಒಂದು ಲೋಟ ನೀರು ಎಷ್ಟು ತಣ್ಣಗಾಗುತ್ತದೆ ಎಂದು ಬೆರಳದ್ದಿ ನೋಡಿದರೆ ಸಾಕು, ಗ್ಲಾಸಿನ ವಾದ ಅಲ್ಲಿಗೆ ಮುಗಿಯುತ್ತದೆ.

ನನ್ನ ತಕರಾರು ಎರಡನೆಯ ಅಭಿಪ್ರಾಯದೊಂದಿಗೆ, ಏಕೆಂದರೆ ಒಳ್ಳೆಯ ಮನಸ್ಸಿನವರು ನಂಬಿರುವುದು ಅದನ್ನೇ. ನಾನೂ ನಂಬಿದ್ದೆ. ಮೀನನ್ನು ಮೂವತ್ತು ಲೀಟರಿನ ತೊಟ್ಟಿಗೆ ಬಿಟ್ಟೆ, ಹೀಟರ್ ಇಟ್ಟೆ, ನೀರು ತಿಳಿಯಾಗಲೆಂದು ಫಿಲ್ಟರ್ ಹಾಕಿದೆ. ಫಿಲ್ಟರಿನ ಸಣ್ಣ ಸೆಳವೇ ಅದನ್ನು ಮೂಲೆಗೆ ತಳ್ಳಿಬಿಟ್ಟಿತು. ಒಂದು ಗೇಣು ದೂರ ಈಜಲಾಗದ ಮೀನಿಗೆ ನಾನು ಮೂರು ಗೇಣಿನ ಮೈದಾನ ಕೊಟ್ಟಿದ್ದೆ. ಅದರ ಸೆರೆ ಗಾಜಿನದಾಗಿರಲಿಲ್ಲ. ಅದರ ಮೈಗೇ ಹೊಲಿದದ್ದಾಗಿತ್ತು. ಬಾಟಲಿಯಲ್ಲಿಟ್ಟವನ ತಪ್ಪನ್ನು ನಾಳೆ ಇನ್ನೊಬ್ಬ ತಿದ್ದಬಹುದು. ದೇಹವನ್ನೇ ಹಾಗೆ ತಯಾರಿಸಿದವನ ತಪ್ಪನ್ನು ಎಷ್ಟು ಪ್ರೀತಿಯಿಂದ ಸಾಕಿದರೂ ತಿದ್ದಲಾಗುವುದಿಲ್ಲ. ನಾವು ಇಷ್ಟು ದಿನ ಸಾಕುವವನ ನೀತಿಯ ಬಗ್ಗೆ ಮಾತಾಡಿದ್ದೇವೆ. ತಳಿ ಮಾಡುವವನ ನೀತಿಯನ್ನು ಕೇಳಿಯೇ ಇಲ್ಲ.

ಆ ದೇಹಕ್ಕೆ ಏನೇನು ಮಾಡಲಾಗಿದೆ ನೋಡಿ. ಕಾಡಿನ ಬೆಟ್ಟಾ ಬೆರಳುದ್ದದ, ಮಾಸಲು ಕಂದು ಮೈಯ, ಚಿಕ್ಕ ಬಾಲದ ಮೀನು. ಮನುಷ್ಯ ಅದನ್ನು ಸಾಕತೊಡಗಿ ಕನಿಷ್ಠ ಸಾವಿರ ವರ್ಷವಾಗಿರಬೇಕೆಂದು 2022ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಹೇಳಿತು. ಮೊದಲು ಬೇಕಾಗಿದ್ದದ್ದು ಕಾದಾಟ. ಥಾಯ್ ಭಾಷೆಯ 'ಪ್ಲಕಾಟ್' ಎಂಬ ಹೆಸರಿನ ಅರ್ಥವೇ ಕಚ್ಚುವ ಮೀನು. ಆ ಜೂಜು ಕ್ರೂರವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾದಾಡಲು ಬೇಕಾದ ಮೀನು ಚುರುಕಾಗಿ ಈಜಲೇಬೇಕಿತ್ತು, ಹಾಗಾಗಿ ಅದರ ಮೈ ಗಟ್ಟಿಯಾಗಿ ಉಳಿಯಿತು. ಪ್ರದರ್ಶನದ ಮೀನಿಗೆ ಆ ಅಗತ್ಯವೂ ಇಲ್ಲ. 1980ರ ದಶಕದಲ್ಲಿ ಯುರೋಪು, ಅಮೆರಿಕಗಳ ಹವ್ಯಾಸಿಗಳು ಬಾಲವನ್ನು 180 ಡಿಗ್ರಿ ತೆರೆಸಿ ಹಾಫ್‌ಮೂನ್ ಮಾಡಿದರು. 1990ರ ದಶಕದಲ್ಲಿ ಇಂಡೋನೇಷ್ಯಾದಿಂದ ಮುಳ್ಳುಕಿರೀಟದಂಥ ಬಾಲದ ಕ್ರೌನ್‌ಟೇಲ್ ಬಂತು. ಬಾಲದ ಎಳೆಗಳು ಕವಲೊಡೆದು ಕವಲೊಡೆದು ಗುಲಾಬಿಯಂತೆ ಮಡಿಕೆ ಬೀಳುವ ರೋಸ್‌ಟೇಲ್, ಆನೆಯ ಕಿವಿಯಂತೆ ಅಗಲವಾದ ಪಕ್ಕೆರೆಕ್ಕೆಯ ಡಂಬೋ, ಲೋಹದಂತೆ ಹೊಳೆಯುವ ದಪ್ಪ ಹುರುಪೆಯ ಡ್ರ್ಯಾಗನ್ ಇವೆಲ್ಲ ಅದೇ ಸಾಲಿನವು.

ಪಕ್ಕೆರೆಕ್ಕೆ ಮೀನಿಗೆ ದೋಣಿಯ ಹುಟ್ಟು. ತಿರುಗುವುದು, ನಿಲ್ಲುವುದು, ಹಿಂದೆ ಸರಿಯುವುದು ಅದರಿಂದ. ಹುಟ್ಟು ದೋಣಿಗಿಂತ ಭಾರವಾದರೆ ಕಾಳಿ ನದಿಯಲ್ಲಿ ದೋಣಿ ನಡೆಸುವವರು ಏನೆನ್ನುತ್ತಾರೋ, ಡಂಬೋ ಮೀನಿನ ಪಾಡೂ ಅದೇ. ರೋಸ್‌ಟೇಲ್ ಗಂಡುಗಳು ಬಾಲದ ಭಾರ ಹೊರಲಾರದೆ ತಳದಲ್ಲಿ ಮಲಗುವುದು, ತಮ್ಮ ಬಾಲವನ್ನು ತಾವೇ ಕಚ್ಚಿ ಹರಿಯುವುದು ಸಾಕುವವರೆಲ್ಲ ಬಲ್ಲ ಸಂಗತಿ. ಡ್ರ್ಯಾಗನ್ ತಳಿಯಲ್ಲಿ ಕೆಲವು ಮೀನುಗಳಿಗೆ ಆ ಹೊಳೆಯುವ ಹುರುಪೆ ಕಣ್ಣಿನ ಮೇಲೂ ಬೆಳೆದು ದೃಷ್ಟಿಯನ್ನೇ ಮುಚ್ಚುತ್ತದೆ. ಹವ್ಯಾಸಿಗಳ ಮಾತಿನಲ್ಲಿ ಇದಕ್ಕೆ 'ಡೈಮಂಡ್ ಐ' ಎಂದು ಹೆಸರು. ಕುರುಡುತನಕ್ಕೆ ವಜ್ರದ ಹೆಸರಿಡುವಷ್ಟು ದೂರ ನಾವು ಬಂದಿದ್ದೇವೆ ಎಂಬುದು ನನ್ನನ್ನು ಬಹಳ ಕಾಡಿದೆ.

ಇಲ್ಲಿ ಎದ್ದುಬರುವ ಮೊದಲ ಆಕ್ಷೇಪ ರೈತರದು: ತಳಿ ಆರಿಸುವುದು ನಮ್ಮ ಅಜ್ಜಂದಿರ ಕಾಲದಿಂದ ಬಂದದ್ದಲ್ಲವೇ? ಹೌದು, ಬಂದದ್ದೇ. ಹಾಗಿದ್ದರೆ ಅಜ್ಜಂದಿರು ಹೇಗೆ ಆರಿಸುತ್ತಿದ್ದರು ಎಂದೂ ನೋಡೋಣ. ಹಳಿಯಾಳ, ಜೋಯಿಡಾ, ಮುಂಡಗೋಡದ ಕಾಡಂಚಿನ ಗೌಳಿ ದಡ್ಡಿಗಳಲ್ಲಿ ಎಮ್ಮೆಗಳು ಬೆಳಿಗ್ಗೆ ಕಾಡಿಗೆ ಹೋಗಿ ಮೇದು ಸಂಜೆ ಮನೆಗೆ ಬರುತ್ತವೆ. ಕೋಣಗರುವನ್ನು ಬೀಜಕ್ಕೆ ಉಳಿಸಿಕೊಳ್ಳುವಾಗ ಏನು ನೋಡುತ್ತೀರಿ ಎಂದು ಒಬ್ಬ ಗೌಳಿ ಹಿರಿಯರನ್ನು ಕೇಳಿದ್ದೆ. "ತಾಯಿ ಹಾಲು ನೋಡತೀವ್ರಿ, ಕಾಲು ನೋಡತೀವಿ. ಗುಡ್ಡ ಏರಲಾರದ ಎಮ್ಮಿ ಇಟ್ಕೊಂಡು ಏನ ಮಾಡೂದ್ರಿ?" ಎಂದರು. ಆ ಆಯ್ಕೆಯಲ್ಲಿ ಮನುಷ್ಯನ ಸ್ವಾರ್ಥವಿದೆ, ನಿಜ. ಆದರೆ ಎಮ್ಮೆ ಎಮ್ಮೆಯಾಗಿ ಬದುಕಬೇಕು ಎಂಬ ಕಟ್ಟುಪಾಡೂ ಅದರೊಳಗೇ ಇದೆ. ಇಲ್ಲಿಂದ ದೂರವಲ್ಲದ ಮುಧೋಳದ ನಾಯಿಯ ಕಥೆಯೂ ಅದೇ. ಅದರ ಉದ್ದ ಕಾಲು, ಆಳವಾದ ಎದೆಗೂಡು ಓಟಕ್ಕಾಗಿ ಆರಿಸಿದ್ದು, ಓಡಿದಾಗಲೇ ಅದಕ್ಕೆ ಅಂದ. ಅದೇ ಮನುಷ್ಯ ಚಪ್ಪಟೆ ಮುಖ ಮುದ್ದೆಂದು ಆರಿಸಿದ ಪಗ್ ನಾಯಿ ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತದೆ. ಮೊಬೈಲ್ ಕಂಪನಿಯ ಜಾಹೀರಾತು ನೋಡಿ ಅದನ್ನು ಮನೆಗೆ ತಂದ ಎಷ್ಟೋ ಜನರಿಗೆ ಆ ಗೊರಗೊರ ಸದ್ದು ಕಾಯಿಲೆಯದೆಂದೇ ತಿಳಿಯಲಿಲ್ಲ. ತಳಿ ಆರಿಸುವುದೆಲ್ಲ ಒಂದೇ ಅಲ್ಲ. ಆರಿಸಿದ ಗುಣ ಆ ಜೀವದ ಸ್ವಂತ ಕೆಲಸಕ್ಕೆ ಒದಗುತ್ತದೆಯೋ, ಅಡ್ಡ ಬರುತ್ತದೆಯೋ ಎಂಬಲ್ಲಿ ಗೆರೆ ಇದೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಪ್ರಕೃತಿಯೇ ನವಿಲಿಗೆ ಹೊರಲಾರದಷ್ಟು ಗರಿ ಕೊಟ್ಟಿಲ್ಲವೇ? ಇದಕ್ಕೆ ಉತ್ತರ ದಾಂಡೇಲಿಯ ಆಕಾಶದಲ್ಲೇ ಇದೆ. ನಮ್ಮ ಕಾಡಿನಲ್ಲಿ ನಾಲ್ಕು ಬಗೆಯ ಮಂಗಟ್ಟೆ ಹಕ್ಕಿಗಳಿವೆ. ದೊಡ್ಡ ಮಂಗಟ್ಟೆಯ ಕೊಕ್ಕಿನ ಮೇಲಿನ ಹಳದಿ ಕಿರೀಟ ನೋಡಿದರೆ ಹಕ್ಕಿಯ ತಲೆ ಬಾಗಿಹೋಗಬೇಕು ಅನ್ನಿಸುತ್ತದೆ. ಆದರೆ ಅದರ ಒಳಗು ಬಹುಪಾಲು ಟೊಳ್ಳು. ಕಾಡಿನಲ್ಲಿ ಅಲಂಕಾರಕ್ಕೆ ದಿನವೂ ಪರೀಕ್ಷೆ ಇದೆ. ಗೂಡಿನಲ್ಲಿ ಕೂತ ಹೆಣ್ಣಿಗೆ, ಮರಿಗೆ ಗಂಡು ಹಣ್ಣು ಹೊತ್ತು ಹಾರಲೇಬೇಕು. ಹಾರಲಾಗದ ಕಿರೀಟ ಮುಂದಿನ ತಲೆಮಾರಿಗೆ ದಾಟುವುದಿಲ್ಲ. ನವಿಲು ಕೂಡ ಗರಿ ಹೊತ್ತೇ ಮರವೇರಿ ಮಲಗುತ್ತದೆ. ಬೆಟ್ಟಾದ ಗಂಡಿಗೂ ಅಂಥ ಕೆಲಸವಿದೆ. ಅದು ಬಾಯಿಂದ ಗುಳ್ಳೆ ಬಿಟ್ಟು ನೀರಿನ ಮೇಲೆ ನೊರೆಗೂಡು ಕಟ್ಟುತ್ತದೆ, ಕೆಳಗೆ ಉದುರಿದ ಮೊಟ್ಟೆಗಳನ್ನು ಒಂದೊಂದಾಗಿ ಬಾಯಲ್ಲಿ ಹೆಕ್ಕಿ ಗೂಡಿಗೆ ಇಡುತ್ತದೆ, ಮರಿಯಾಗುವವರೆಗೆ ಕಾಯುತ್ತದೆ. ಒಳ್ಳೆಯ ಅಪ್ಪ ಅದು. ಆ ಕೆಲಸಕ್ಕೆ ನೂರು ಸಲ ಮೇಲೆ ಕೆಳಗೆ ಓಡಾಡಬೇಕು. ಪ್ರದರ್ಶನದ ತೀರ್ಪುಗಾರರು ಅದನ್ನು ಅಂಕಕ್ಕೆ ಹಿಡಿಯುವುದಿಲ್ಲ. ಬಾಲದ ಕೋನ ಅಳೆಯುತ್ತಾರೆ. ಕಾಡು ಮಾಡುವ ತಪಾಸಣೆಯನ್ನು ತೆಗೆದುಹಾಕಿ ಅಲಂಕಾರವನ್ನು ಮಾತ್ರ ಉಳಿಸಿಕೊಂಡವರಿಗೆ ಕಾಡಿನ ಸಾಕ್ಷಿ ಕರೆಯುವ ಹಕ್ಕಿಲ್ಲ.

ಮೀನಿಗೆ ಅಷ್ಟೆಲ್ಲ ತಿಳಿಯುತ್ತದೆಯೇ ಎಂಬ ಮಾತೂ ಉಂಟು. 2003ರಲ್ಲಿ ಬ್ರಿಟನ್ನಿನ ವಿಜ್ಞಾನಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ತುಟಿಗೆ ಅಸಿಟಿಕ್ ಆಮ್ಲ ಚುಚ್ಚಿ ನೋಡಿದರು. ಮೀನು ತುಟಿಯನ್ನು ಜಲ್ಲಿಗೆ ಉಜ್ಜಿಕೊಂಡಿತು, ಮೇವು ಬಿಟ್ಟಿತು, ಉಸಿರಾಟ ಏರಿತು. ನೋವು ನಿವಾರಕ ಮಾರ್ಫಿನ್ ಕೊಟ್ಟಾಗ ಆ ಲಕ್ಷಣಗಳು ತಗ್ಗಿದವು. ನಮ್ಮ ಕಾನೂನಿಗೂ ಇದರಲ್ಲಿ ಅನುಮಾನವಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಮನುಷ್ಯನನ್ನು ಬಿಟ್ಟು ಉಳಿದ ಎಲ್ಲ ಜೀವಿಗಳೂ ಪ್ರಾಣಿಯೇ, ಮೀನೂ ಸೇರಿ. 2017ರಲ್ಲಿ ಕೇಂದ್ರ ಸರ್ಕಾರ ನಾಯಿ ತಳಿಗಾರರಿಗೆ ನಿಯಮ ತಂದಿತು, ಅಕ್ವೇರಿಯಂ ಅಂಗಡಿಗಳಿಗೂ ತಂದಿತು. ನಾಯಿಯ ನಿಯಮ ಉಳಿಯಿತು, ಮೀನಿನದನ್ನು ಹಿಂಪಡೆದರು. ಜರ್ಮನಿಯ ಪ್ರಾಣಿರಕ್ಷಣಾ ಕಾಯ್ದೆಯಲ್ಲಿ 11ಬಿ ಎಂಬ ಕಲಮಿದೆ: ಹುಟ್ಟುವ ಮರಿಗೆ ಅದರ ತಳಿಯ ಕಾರಣದಿಂದಲೇ ನೋವು, ಯಾತನೆ, ಹಾನಿ ಆಗುವುದೆಂದು ನಿರೀಕ್ಷಿಸಬಹುದಾದರೆ ಅಂಥ ಸಂತಾನ ಮಾಡಿಸುವುದೇ ನಿಷಿದ್ಧ. ಗಮನಿಸಿ, ಅಲ್ಲಿ ಪ್ರಶ್ನೆ ಕೇಳುವುದು ಸಾಕಿದವನನ್ನಲ್ಲ, ಹುಟ್ಟಿಸಿದವನನ್ನು. ನಮಗೆ ಬೇಕಾದದ್ದು ಅಂಥ ಒಂದು ಕಲಮು.

ಹೊಟ್ಟೆಪಾಡಿನ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಚೆನ್ನೈನ ಕೊಳತ್ತೂರಿನಲ್ಲಿ ಅಲಂಕಾರಿಕ ಮೀನು ಎಷ್ಟೋ ಮನೆಗಳ ಒಲೆ ಉರಿಸುತ್ತಿದೆ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆಯಲ್ಲಿ ಹಿತ್ತಿಲಲ್ಲಿ ಅಲಂಕಾರಿಕ ಮೀನು ಸಾಕುವವರಿಗೆ ಸಹಾಯಧನವಿದೆ. ನಮ್ಮ ತಾಲ್ಲೂಕುಗಳ ಹೆಣ್ಣುಮಕ್ಕಳೂ ಅದನ್ನು ಹಿಡಿಯಬಹುದು, ಹಿಡಿಯಲಿ. ಅವರಿಗೆ ನಾನು ಹೇಳುವುದು ಮೀನು ಬಿಡಿ ಎಂದಲ್ಲ, ಗಿಡ್ಡ ಬಾಲದ ಪ್ಲಕಾಟ್ ಹಿಡಿಯಿರಿ ಎಂದು. ಕೆಂಪು, ನೀಲಿ, ಹಳದಿ ಯಾವ ಬಣ್ಣವೂ ಅದರಲ್ಲಿ ಬರುತ್ತದೆ. ಬಣ್ಣಕ್ಕೆ ತೂಕವಿಲ್ಲ, ಬಣ್ಣ ಉಸಿರಿಗೆ ಅಡ್ಡ ಬರುವುದಿಲ್ಲ. ಅಂದ ಬೇಡ ಎಂದು ನಾನು ಹೇಳುತ್ತಿಲ್ಲ. ಹೊರುವವನ ಬೆನ್ನು ಮುರಿಯದ ಅಂದ ಬೇಕು ಎನ್ನುತ್ತಿದ್ದೇನೆ. ಸಹಾಯಧನ ಕೊಡುವಾಗ, ತರಬೇತಿ ನಡೆಸುವಾಗ ಇಷ್ಟನ್ನು ಕಲಿಸಲು ಮೀನುಗಾರಿಕೆ ಇಲಾಖೆಗೆ ಹೊಸ ಖರ್ಚೇನೂ ಬೀಳದು.

ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ನೆಲೆಯಿದೆ. ಸಾಯಲಿರುವ ಜೀವವನ್ನು ಹಣ ಕೊಟ್ಟು ಬಿಡಿಸಿ ಬದುಕಲು ಬಿಡುವುದು ಅವರ ಧರ್ಮದಲ್ಲಿ ದೊಡ್ಡ ಪುಣ್ಯ, ತ್ಸೆಥರ್ ಎನ್ನುತ್ತಾರೆ. ಕಟುಕನ ಕೈಯಿಂದ ಬಿಡಿಸಿದ ಕುರಿಗೆ ಹುಲ್ಲುಗಾವಲಿದೆ. ಬಲೆಯಿಂದ ಬಿಡಿಸಿದ ಹೊಳೆಮೀನಿಗೆ ಹೊಳೆಯಿದೆ. ಹಾಫ್‌ಮೂನನ್ನು ಬಿಡಿಸಿ ಎಲ್ಲಿ ಬಿಡುತ್ತೀರಿ? ಕಾಳಿ ನದಿಗೆ ಅದು ಹೊರಗಿನದು, ಅಲ್ಲಿ ಬಿಡಲೇಬಾರದು. ಬಿಟ್ಟರೂ ಮೊದಲ ಸೆಳವಿಗೆ ಅದು ಮುಗಿಯುತ್ತದೆ. ಥಾಯ್ಲೆಂಡಿನ ಗದ್ದೆಗೇ ಒಯ್ದು ಬಿಟ್ಟರೂ ಬದುಕಲಾರದು. ಬಿಡುಗಡೆಯ ದಾರಿಯನ್ನು ಹುಟ್ಟುವ ಮೊದಲೇ ಕಿತ್ತುಕೊಂಡ ಜೀವ ಅದು. ಕರುಣೆಯುಳ್ಳವರ ಕೈಗೂ ಎಟುಕದ ಹಾಗೆ ಒಂದು ಪ್ರಾಣಿಯನ್ನು ರೂಪಿಸುವುದಕ್ಕಿಂತ ದೊಡ್ಡ ಅನ್ಯಾಯ ಯಾವುದಿದೆ?

ನಮ್ಮ ಮೀನು ಎರಡನೆಯ ವರ್ಷದ ಮಳೆಗಾಲದಲ್ಲಿ ತನ್ನ ಬಾಲವನ್ನು ಕಚ್ಚತೊಡಗಿತು. ನೀರು ಬದಲಿಸಿದೆ, ಒಣ ಬಾದಾಮಿ ಎಲೆ ಹಾಕಿದೆ, ಫಿಲ್ಟರ್ ತಗ್ಗಿಸಿದೆ. ನಾಲ್ಕೈದು ದಿನಗಳಲ್ಲಿ ಅರ್ಧಚಂದ್ರದ ಮುಕ್ಕಾಲು ಭಾಗ ಚಿಂದಿಯಾಗಿ ತಳ ಸೇರಿತ್ತು. ಮಗಳು ಅತ್ತಳು. ನಾನು ತೊಟ್ಟಿಯ ಮುಂದೆ ಕೂತು ನೋಡಿದೆ. ಮೀನು ತಳದಿಂದ ಹೊರಟು, ಎಲ್ಲೂ ನಿಲ್ಲದೆ, ಯಾವ ಎಲೆಗೂ ಒರಗದೆ, ಸರ್ರನೆ ಮೇಲೆ ಬಂದು ಗಾಳಿ ನುಂಗಿ ತಿರುಗಿ ಹೋಯಿತು. ಒಂದೂವರೆ ವರ್ಷದಲ್ಲಿ ಅದು ಹಾಗೆ ಈಜಿದ್ದನ್ನು ನಾನು ಕಂಡದ್ದು ಅದೇ ಮೊದಲು. ಬಾಲ ಮತ್ತೆ ಬೆಳೆಯುವವರೆಗೆ, ಕೆಲವು ವಾರ, ಅದು ಹಾಗೆಯೇ ಈಜಿತು.

ಇನ್ನೊಂದು ಮೀನು ಬೇಕೆನಿಸಿದರೆ ಏನು ನೋಡಬೇಕೆಂದು ಮಗಳಿಗೆ ಹೇಳಿಕೊಟ್ಟಿದ್ದೇನೆ: ಅಂಗಡಿಯಲ್ಲಿ ಬಾಲ ಅರಳುವುದನ್ನು ನೋಡಬೇಡ, ಉಸಿರಿಗೆ ಮೇಲೆ ಬರುವುದನ್ನು ನೋಡು. ಒಂದೇ ಸಲಕ್ಕೆ ಬಂದರೆ ತರೋಣ.